ಮಗಳಿಗೊಂದು ಪತ್ರ: ಹೌದು, ನಾನು ನಗುತ್ತಿದ್ದೆ

ಪುಟ್ಟಿ,

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ತಿರುಗಿ ಮಾಡೋಣ ಅಂತ ಎರಡು ಸಲ ಫೋನ್ ಕೈಗೆತ್ತಿಕೊಂಡೆ. ನಿನ್ನಮ್ಮ ಬೇಡ ಅಂದಳು. 'ಮಾತಾಡಿದರೆ ಮತ್ತೆ ಪಾಠ ಶುರು ಮಾಡ್ತೀರಿ, ಏನಿದ್ರೂ ಬರೆದು ಕಳಿಸಿ' ಅಂದಳು. ಅದಕ್ಕೇ ಬರೆಯುತ್ತಿದ್ದೇನೆ. ಬರೆದರೂ ಪಾಠ ಶುರುವಾಗುತ್ತದೋ ಏನೋ. ಮೂವತ್ತು ವರ್ಷದ ಚಟ, ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಬೇಸಿಗೆ ರಜೆಗೆ ಮೂವರೂ ಬೆಟ್ಟದ ಮೇಲಿನ ಆ ಸರೋವರಕ್ಕೇ ಹೋಗುತ್ತೀರಿ ಅಂದಾಗ ನನಗೆ ಖುಷಿಯೇ ಆಯಿತು, ಸುಳ್ಳಲ್ಲ. ಆಮೇಲೆ ಬಾಯಿ ತಡೆಯಲಿಲ್ಲ. ಮಗುವನ್ನು ನೀರಿನ ಹತ್ತಿರ ಬಿಡಬೇಡ, ನೀರು ಬಹಳ ತಣ್ಣಗಿರುತ್ತೆ, ಅಳಿಯಂದಿರಿಗೂ ಹೇಳು, ಹೀಗೆ ಒಂದರ ಹಿಂದೆ ಒಂದು. ಆಗ ನೀನು ಹೇಳಿದೆ: 'ಅಪ್ಪಾ, ನಾನು ಮುಳುಗ್ತಾ ಇದ್ದಾಗ ನೀವು ಮೇಲೆ ನಿಂತು ನಗ್ತಾ ಇದ್ರಿ. ಈಗ ನಿಮ್ಮಿಂದ ಕಲೀಬೇಕಾ?'

ಹೌದು. ನಗುತ್ತಿದ್ದೆ.

ಇದನ್ನು ಒಪ್ಪಿಕೊಳ್ಳಲು ನನಗೆ ಇಪ್ಪತ್ತನಾಲ್ಕು ವರ್ಷ ಬೇಕಾಯಿತು. ನೀನು ಹೇಳಿದ ಧಾಟಿ ಸರಿಯಿರಲಿಲ್ಲ ಅಂತ ರಾತ್ರಿ ಹನ್ನೆರಡರವರೆಗೆ ಅನಿಸುತ್ತಿತ್ತು. ಆಮೇಲೆ ಅದೂ ಅನಿಸಲಿಲ್ಲ.

ಆ ಪ್ರವಾಸದ ಉಳಿದ ಕತೆ ಈಗ ಬೇಡ. ಗಾಳಿಗೆ ಟೆಂಟ್ ಹಾರಿದ್ದು, ನಿನ್ನ ತಮ್ಮ ಘಾಟಿಯುದ್ದಕ್ಕೂ ವಾಂತಿ ಮಾಡಿದ್ದು, ಕಾರಿನ ಕೀ ಕಳೆದು ಹುಡುಕಿದ್ದು, ಎಲ್ಲ ನಿನಗೂ ಗೊತ್ತು. ನನಗೆ ಬೇಕಾಗಿರುವುದು ದೋಣಿ ಕಟ್ಟುತ್ತಿದ್ದ ಆ ಹಲಗೆಯ ಕಟ್ಟೆ ಒಂದೇ. ಅದರ ತುದಿಯಲ್ಲಿ ನೀನು ನಿಂತಿದ್ದೆ. ಎಂಟು ವರ್ಷ. ಎರಡು ಕೈಯನ್ನೂ ಕಂಕುಳಲ್ಲಿ ಇಟ್ಟುಕೊಂಡು ನಡುಗುತ್ತಿದ್ದೆ. ನೀರಿಗೆ ಇಳಿಯುವ ಮೊದಲೇ ನಡುಗುತ್ತಿದ್ದೆ ಅನ್ನುವುದು ನನಗೆ ಆಗ ಮುಖ್ಯ ಅನಿಸಲಿಲ್ಲ.

ನೀರು ಎಷ್ಟು ತಿಳಿ ಇತ್ತೆಂದರೆ ತಳದ ಕಲ್ಲು ಎಣಿಸಬಹುದಿತ್ತು. ನಾನು ಬಗ್ಗಿ ನೋಡಿದೆ. ಮೂರೂವರೆ ಅಡಿ ಇರಬಹುದು, ನಿನ್ನ ಎದೆಮಟ್ಟ ಅಂತ ಲೆಕ್ಕ ಹಾಕಿದೆ. 'ಹಾರು, ಕಾಲು ನಿಲ್ಲುತ್ತೆ' ಅಂದೆ. ನೀನು 'ಭಯ ಆಗುತ್ತೆ ಅಪ್ಪಾ' ಅಂದೆ. ನಾನು 'ನನ್ನ ಮಗಳು ಹೆದರ್ತಾಳಾ?' ಅಂದೆ. ಪಕ್ಕದ ಟೆಂಟಿನವರು ನೋಡುತ್ತಿದ್ದರು. ಅವರು ನೋಡದೆ ಇದ್ದಿದ್ದರೆ ಆ ಮಾತು ಹೇಳುತ್ತಿದ್ದೆನೋ ಇಲ್ಲವೋ. ಹೇಳುತ್ತಿರಲಿಲ್ಲ ಅಂತ ಈಗ ಅನಿಸುತ್ತದೆ.

ಇನ್ನೊಂದು ಇದೆ, ಇದನ್ನು ಯಾರಿಗೂ ಹೇಳಿಲ್ಲ. ನಾನು ಯಾರು? ಭೌತಶಾಸ್ತ್ರದ ಮೇಷ್ಟ್ರು. ಪ್ರತಿ ವರ್ಷ ಪಾತ್ರೆಯ ತಳದಲ್ಲಿ ನಾಣ್ಯ ಇಟ್ಟು, ಅದು ಕಣ್ಣಿಗೆ ಮರೆಯಾಗುವಷ್ಟು ಹಿಂದೆ ಮಕ್ಕಳನ್ನು ನಿಲ್ಲಿಸಿ, ನೀರು ಹೊಯ್ದು, ನಾಣ್ಯ ಎದ್ದು ಬಂದ ಹಾಗೆ ಕಾಣುವುದನ್ನು ತೋರಿಸಿದವನು. ನಿನಗೂ ಅಡುಗೆಮನೆಯಲ್ಲಿ ತೋರಿಸಿದ್ದೆ, ನೆನಪಿದೆಯಾ? ನೀರಿನ ವಕ್ರೀಭವನ ಸೂಚ್ಯಂಕ, ಅಂದರೆ ನೀರು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಳತೆ, 1.33. ನೇರ ಮೇಲಿನಿಂದ ನೋಡಿದರೂ ನಾಲ್ಕಡಿ ನೀರು ಮೂರಡಿಯಂತೆ ಕಾಣುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಪರೀಕ್ಷೆಯಲ್ಲಿ ಇದಕ್ಕೆ ಎರಡು ಅಂಕ ಇಡುತ್ತಿದ್ದೆ. ಬರೆಯದ ಮಕ್ಕಳನ್ನು ಬೈಯುತ್ತಿದ್ದೆ. ಆವತ್ತು ಕಟ್ಟೆಯ ಮೇಲೆ ನಿಂತು ಓರೆಯಾಗಿ ನೀರು ನೋಡಿ ನನ್ನ ಸ್ವಂತ ಮಗಳಿಗೆ ಹಾರು ಅಂದೆ. ನೀರು ನಿನ್ನಮ್ಮನ ಗದ್ದದವರೆಗೆ ಇತ್ತು. ನಿನ್ನ ತಲೆ ದಾಟಿತ್ತು.

ನೀನು ಹಾರಿದೆ. ಮೇಲೆ ಬಂದೆ. ಬಾಯಿ ಇಷ್ಟಗಲ ತೆರೆದು, ಕತ್ತು ಹಿಂದಕ್ಕೆ ಹಾಕಿ, ಕೂದಲು ಕಣ್ಣ ಮೇಲೆ, ಎರಡೂ ಕೈ ಪಕ್ಕಕ್ಕೆ ಚಾಚಿ ನೀರನ್ನು ತಟ್ಟುತ್ತಿದ್ದೆ. ಹಕ್ಕಿಮರಿ ರೆಕ್ಕೆ ಬಡಿದಂತೆ ಕಾಣುತ್ತಿತ್ತು. ನಾನು ಅದನ್ನು ಆಟ ಅಂದುಕೊಂಡೆ. ನಕ್ಕೆ. ಕೊರಳಲ್ಲಿ ಕ್ಯಾಮೆರಾ ಇತ್ತು. ರೀಲಿನಲ್ಲಿ ಇನ್ನೆರಡೇ ಚಿತ್ರ ಉಳಿದಿದ್ದವು, ಒಂದನ್ನು ನಿನಗೆ ಖರ್ಚು ಮಾಡಿದೆ.

ನೀನು ಒಂದು ಸಲ 'ಅಪ್ಪಾ' ಅಂತ ಕೂಗಿದ್ದರೆ ನಾನು ಹಾರಿಬಿಡುತ್ತಿದ್ದೆ ಅಂತ ಎಷ್ಟೋ ವರ್ಷ ಮನಸ್ಸಿಗೆ ಹೇಳಿಕೊಂಡಿದ್ದೇನೆ. ತಪ್ಪು ನಿನ್ನದು ಅನ್ನುವ ಹಾಗೆ. ನಿವೃತ್ತಿಯಾದ ಮೇಲೆ ಹೊತ್ತು ಕಳೆಯಲು ಏನೇನೋ ಓದುತ್ತೇನಲ್ಲ, ಒಂದು ದಿನ ಫ್ರಾಂಕ್ ಪಿಯಾ ಅನ್ನುವ ಅಮೆರಿಕದ ಜೀವರಕ್ಷಕರ ವಿಷಯ ಓದಿದೆ. ಅವರು ಈಜುವ ಜಾಗದಲ್ಲಿ ಕಾವಲಿದ್ದು, ಮುಳುಗುವವರು ನಿಜವಾಗಿ ಹೇಗಿರುತ್ತಾರೆ ಅಂತ ಗಮನಿಸಿದವರು. ಮುಳುಗುತ್ತಿರುವವರು ಕೂಗುವುದಿಲ್ಲವಂತೆ. ಉಸಿರಿಗೇ ಗತಿ ಇಲ್ಲದಾಗ ಮಾತಿಗೆ ಎಲ್ಲಿಂದ ಬರಬೇಕು? ಕೈ ಎತ್ತಿ ಬೀಸುವುದೂ ಇಲ್ಲ. ಪಕ್ಕಕ್ಕೆ ಚಾಚಿ ನೀರನ್ನು ಒತ್ತುತ್ತಾರೆ, ಬಾಯಿ ಮೇಲೆ ಬರಲಿ ಅಂತ. ನೆಟ್ಟಗೆ ನಿಂತಂತೆ ಇರುತ್ತಾರೆ. ಹೀಗೆ ಇಪ್ಪತ್ತರಿಂದ ಅರವತ್ತು ಸೆಕೆಂಡು. ಆಮೇಲೆ ಇಲ್ಲ.

ಓದಿ ಮುಗಿಸಿ ಎದ್ದು ಹಾಲ್‌ಗೆ ಹೋಗಿ ಆ ಫೋಟೋ ನೋಡಿದೆ. ಬಾಯಿ ತೆರೆದಿದೆ. ಕತ್ತು ಹಿಂದಕ್ಕಿದೆ. ಕೈ ಪಕ್ಕಕ್ಕಿದೆ. ಕೂದಲು ಸರಿಸಿಕೊಂಡಿಲ್ಲ. ಪಟ್ಟಿ ಹಾಕಿದ ಹಾಗೆ ಒಂದೊಂದೂ ಸರಿಹೊಂದಿತು. ಬಂದವರಿಗೆಲ್ಲ 'ನಮ್ಮ ಮಗಳು ಮೊದಲ ಸಲ ನೀರಿಗೆ ಹಾರಿದ್ದು' ಅಂತ ತೋರಿಸುತ್ತಿದ್ದ ಫೋಟೋ. ಎಂಟು ವರ್ಷದ ಹುಡುಗಿ ಸಾಯುತ್ತಿರುವುದನ್ನು ಗೋಡೆಗೆ ನೇತುಹಾಕಿದ್ದೆ. ಇದು ಮೂರು ವರ್ಷದ ಹಿಂದಿನ ಮಾತು. ಆಗಲೇ ನಿನಗೆ ಹೇಳಬಹುದಿತ್ತು. ಹೇಳಲಿಲ್ಲ. ಫೋಟೋನೂ ತೆಗೆಯಲಿಲ್ಲ, ತೆಗೆದರೆ ಯಾಕೆ ಅಂತ ಕೇಳುತ್ತಾರಲ್ಲ.

ನಿನ್ನೆ ನೀನು ಫೋನ್ ಇಟ್ಟ ಮೇಲೆ ನಿನ್ನಮ್ಮನನ್ನು ಕೇಳಿದೆ: 'ನಿನಗೆ ಹೇಗೆ ಗೊತ್ತಾಯ್ತು?' ಇಷ್ಟು ವರ್ಷ ಕೇಳಿರಲಿಲ್ಲ, ನೋಡು. ಅವಳು ಅಷ್ಟು ದೂರದಲ್ಲಿ ಟವೆಲ್ ಒಣಗಿಸುತ್ತಿದ್ದಳು. ಈಜು ಬರುವುದಿಲ್ಲ. ಉಟ್ಟ ಬಟ್ಟೆಯಲ್ಲೇ ಓಡಿ ಬಂದು ದುಮುಕಿದ್ದಳು, ಬೆರಳ ತುದಿಯಲ್ಲಿ ನಿಂತು ನಿನ್ನನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಳು, ಆಗಲೇ ನನಗೆ ನಗು ನಿಂತದ್ದು. ಅವಳು ಬೆಳಗಿನ ಪಾತ್ರೆ ಒರೆಸುತ್ತಾ ಹೇಳಿದಳು: 'ರೀ, ಬೆಳಿಗ್ಗೆಯಿಂದ ವಟವಟ ಅಂತಿದ್ದ ಹುಡುಗಿ ಸುಮ್ನಾದಳು. ಅದಕ್ಕೇ ತಿರುಗಿ ನೋಡಿದೆ.'

ಅಷ್ಟೇ. ಒಂದು ಪುಸ್ತಕವನ್ನೂ ಓದದೆ.

ಇನ್ನು ಪಾಠ. ಕೋಪ ಮಾಡಿಕೊಳ್ಳಬೇಡ, ಹೇಳದೆ ಇರಲು ನನಗೆ ಆಗುವುದಿಲ್ಲ. ಹಿಮ ಕರಗಿ ತುಂಬುವ ಸರೋವರ ಅದು. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಭಾರ, ಹಾಗಾಗಿ ತಣ್ಣೀರೆಲ್ಲ ತಳಕ್ಕೆ ಇಳಿದು ಕೂತಿರುತ್ತದೆ. ಬಿಸಿಲಿಗೆ ಮೇಲಿನ ಪದರ ಮಾತ್ರ ಬೆಚ್ಚಗಾಗುತ್ತದೆ. ಕೈ ಅದ್ದಿ ನೋಡಿ 'ಪರವಾಗಿಲ್ಲ' ಅನ್ನಬೇಡ. ಕೈ ಹೇಳುವುದು ಮೇಲಿನ ಒಂದು ಗೇಣಿನ ಕತೆ. 15 ಡಿಗ್ರಿಗಿಂತ ಕಡಿಮೆ ಇರುವ ನೀರಿಗೆ ಥಟ್ಟಂತ ಬಿದ್ದರೆ ಯಾರಿಗೇ ಆಗಲಿ, ತಾನಾಗಿ ಒಂದು ದೊಡ್ಡ ಉಸಿರು ಒಳಗೆ ಎಳೆದುಕೊಳ್ಳುತ್ತದೆ. ಈಜುಗಾರರಿಗೂ ತಪ್ಪಿದ್ದಲ್ಲ. ಆ ಹೊತ್ತಿಗೆ ಮುಖ ನೀರೊಳಗಿದ್ದರೆ ಮುಗಿಯಿತು. ನಿನಗೆ ಆದದ್ದೂ ಅದೇ ಇರಬೇಕು.

ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅನ್ನುವ ಪ್ರಾಧ್ಯಾಪಕರು ತಾವೇ ಎಷ್ಟೋ ಸಲ ಮಂಜುಗಟ್ಟುವ ನೀರಿಗೆ ಇಳಿದು ನೋಡಿದ್ದಾರೆ. ಅವರ ಲೆಕ್ಕ 1-10-1. ಮೊದಲ 1 ನಿಮಿಷ ಉಸಿರು ಹತೋಟಿಗೆ ತಂದುಕೊಳ್ಳಲು. ಆಮೇಲೆ 10 ನಿಮಿಷ ಕೈಕಾಲು ಮಾತು ಕೇಳುತ್ತವೆ. 1 ಗಂಟೆಯ ಹೊತ್ತಿಗೆ ಮೈ ತಣ್ಣಗಾಗಿ ಎಚ್ಚರ ತಪ್ಪುತ್ತದೆ. ಇದು ಕೊರೆಯುವ ನೀರಿನಲ್ಲಿ ಬಿದ್ದ ದೊಡ್ಡವರ ಲೆಕ್ಕ. ಮಕ್ಕಳ ಮೈ ಇನ್ನೂ ಬೇಗ ತಣ್ಣಗಾಗುತ್ತದೆ. ಅಕಸ್ಮಾತ್ ಬಿದ್ದರೆ ಆ ಮೊದಲ ನಿಮಿಷ ಈಜಲು ಹೋಗಬಾರದು. ಹಿಂದಕ್ಕೆ ಒರಗಿ, ಕಿವಿ ನೀರಲ್ಲಿ ಮುಳುಗುವಷ್ಟು ತಲೆ ಹಿಂದೆ ಹಾಕಿ, ಉಸಿರು ಹದಕ್ಕೆ ಬರುವವರೆಗೆ ತೇಲಬೇಕು. ಇದನ್ನು ಮಗುವಿಗೆ ಆಟದ ಥರ ಕಲಿಸು. ಬೆಚ್ಚಗಿನ ಈಜುಕೊಳದಲ್ಲಿ, ಈಗಲೇ. ಸರೋವರದಲ್ಲಿ ದಡದಿಂದ ನಡೆದು ಇಳಿಯಲಿ, ಮೊದಲು ಪಾದ, ಆಮೇಲೆ ಮೊಣಕಾಲು. ಹಾರುವುದು ಬೇಡ. ಗಾಳಿ ತುಂಬಿದ ಟ್ಯೂಬ್ ಅಂತೂ ಬೇಡವೇ ಬೇಡ, ದಡದ ಕಡೆಯಿಂದ ಗಾಳಿ ಬೀಸಿದರೆ ಮಗುವಿನ ಸಮೇತ ನಡುನೀರಿಗೆ ಹೋಗುತ್ತದೆ. ಮಧ್ಯಾಹ್ನದ ಮೇಲೆ ಬೆಟ್ಟದಲ್ಲಿ ಗುಡುಗು ಬೇಗ ಕಟ್ಟುತ್ತದೆ. ಗುಡುಗು ಕೇಳಿದ ಕೂಡಲೇ ನೀರಿನಿಂದ ಮೇಲೆ ಬನ್ನಿ, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಮತ್ತೆ ಇಳಿಯಬೇಡಿ. ಮತ್ತೆ, ಮಗು ನೀರಲ್ಲಿರುವಾಗ ನೋಡಿಕೊಳ್ಳುವವರು ಒಬ್ಬರೇ ಅಂತ ಗೊತ್ತುಮಾಡಿಕೊಳ್ಳಿ. ಇಬ್ಬರೂ ನೋಡುತ್ತಿದ್ದೇವೆ ಅಂದರೆ ಯಾರೂ ನೋಡುತ್ತಿಲ್ಲ ಅಂತಲೇ. ಆ ಒಬ್ಬರ ಕೈಯಲ್ಲಿ ಫೋನ್ ಇರಬಾರದು. ಫೋಟೋ ಆಮೇಲೆ ತೆಗೆದರಾಯಿತು.

ನೋಡಿದೆಯಾ, ಶುರುವಾಯಿತು ಅಂದರೆ ನಿಲ್ಲುವುದಿಲ್ಲ. ನಿನಗೆ ಇದರಲ್ಲಿ ಅರ್ಧ ಗೊತ್ತಿದೆ. ಈಜು ಬರುವವಳು ನೀನು, ನನಗಾದರೂ ಎಲ್ಲಿ ಸರಿಯಾಗಿ ಬರುತ್ತದೆ? ಆ ಬೇಸಿಗೆಯ ನಂತರ ಹತ್ತು ವರ್ಷ ನೀನು ಮೊಣಕಾಲುದ್ದದ ನೀರಿಗೂ ಇಳಿಯಲಿಲ್ಲ. ಆಮೇಲೆ ಕಾಲೇಜಿಗೆ ಹೋದಾಗ ನಮಗೆ ಹೇಳದೆ ಬೆಳಿಗ್ಗೆ ಆರಕ್ಕೆ ಎದ್ದು ಹೋಗಿ ಈಜು ಕಲಿತೆ. ನಮಗೆ ಗೊತ್ತಾದದ್ದು ನಿನ್ನ ತಮ್ಮನಿಂದ. ನಾನು ಆಗ ಊರಿಗೆಲ್ಲ ಏನು ಹೇಳಿಕೊಂಡು ತಿರುಗಿದೆ ಗೊತ್ತಾ? ನನ್ನ ಮಗಳಿಗೆ ಚಿಕ್ಕಂದಿನಿಂದಲೂ ಧೈರ್ಯ, ನಾನೇ ನೀರಿಗೆ ಹಾರಿಸಿದ್ದೆ ಅಂತ! ನಿನ್ನ ಧೈರ್ಯವನ್ನೂ ನನ್ನ ಖಾತೆಗೇ ಜಮಾ ಮಾಡಿಕೊಂಡೆ. ಆರು ಗಂಟೆಗೆ ಒಬ್ಬಳೇ ಆ ನೀರಿನ ಮುಂದೆ ನಿಂತಾಗ ನಿನಗೆ ಏನನಿಸಿತು ಅಂತ ಒಂದು ದಿನವೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಹೇಳಬೇಕು ಅನಿಸಿದರೆ ಹೇಳು.

ನೀನು ಆ ಸರೋವರಕ್ಕೇ ಯಾಕೆ ಹೋಗುತ್ತಿದ್ದೀಯ ಅಂತಲೂ ನನಗೆ ಅರ್ಥವಾಗಿಲ್ಲ. ಬೇರೆ ಜಾಗವೇ ಇರಲಿಲ್ಲವಾ? ಸುಮ್ನೆ ಕೇಳಿದೆ. ಉತ್ತರ ಬೇಡ.

ಕ್ಷಮಿಸು ಅಂತ ಬರೆಯಲು ಕೂತೆ, ಅದನ್ನು ಬಿಟ್ಟು ಉಳಿದದ್ದೆಲ್ಲ ಬರೆದೆ. ಕ್ಷಮಿಸು ಪುಟ್ಟಿ. ಹಾರು ಅಂದಿದ್ದಕ್ಕೆ ಅಷ್ಟೇ ಅಲ್ಲ, ಆಳ ತಪ್ಪಾಗಿ ನೋಡುವುದು ಯಾರಿಗಾದರೂ ಆಗಬಹುದು. ನಿನಗೆ ಭಯ ಅಂತ ನೀನು ಹೇಳಿದ್ದೆ, ನಾನು ಕೇಳಿಸಿಕೊಂಡಿದ್ದೆ, ಆದರೂ ಹಾರಿಸಿದೆ. ಆಮೇಲೆ ಅದನ್ನೇ ತಮಾಷೆ ಮಾಡಿ ನಿನ್ನೆದುರಿಗೇ ಎಷ್ಟು ಸಲ ಹೇಳಿದೆ. ನೀನು ಪ್ರತಿ ಸಲ ಎದ್ದು ಒಳಗೆ ಹೋಗುತ್ತಿದ್ದೆ. ನಾಚಿಕೆ ಅಂದುಕೊಂಡಿದ್ದೆ.

ಆವತ್ತು ನೀನು 'ನೀರು ಯಾಕೆ ಹಸಿರು-ನೀಲಿ?' ಅಂತ ಕೇಳಿದ್ದೆ. ಆಕಾಶ ಕಾಣುವುದು ಅಂತ ಹೇಳಿ ಮುಗಿಸಿದ್ದೆ. ಅದೂ ಪೂರ್ತಿ ಸರಿಯಲ್ಲ. ಮೇಲೆ ಹಿಮನದಿ ಜರುಗುವಾಗ ಬಂಡೆಯನ್ನು ಅರೆದು ನುಣ್ಣನೆ ಹಿಟ್ಟು ಮಾಡುತ್ತದೆ. ಆ ಹಿಟ್ಟು ನೀರಿಗೆ ಬಂದು, ತಳಕ್ಕೆ ಕೂರದೆ ತೇಲುತ್ತಾ ಬೆಳಕನ್ನು ಚದುರಿಸುತ್ತದೆ. ನೀರು ಕೆಂಪನ್ನು ನುಂಗುತ್ತದೆ, ನೀಲಿ ಹಸಿರು ತಿರುಗಿ ಬರುತ್ತದೆ. ಕಟ್ಟೆಯ ಹತ್ತಿರದ ನೀರು ತಿಳಿಯಿದ್ದರೂ ದೂರಕ್ಕೆ ಆ ಬಣ್ಣ ಕಾಣುವುದು ಅದಕ್ಕೆ. ಮೊಮ್ಮಗಳು ಕೇಳಿದರೆ ಹೀಗೆ ಹೇಳು. ಕೇಳೇ ಕೇಳುತ್ತಾಳೆ, ನಿನ್ನ ಹಾಗೇ ಬಾಯಿ.

ಫೋಟೋ ಗೋಡೆಯಿಂದ ತೆಗೆದೆ. ಚೌಕಟ್ಟು ಬಿಚ್ಚಿದಾಗ ಒಂದು ವಿಷಯ ನೆನಪಾಯಿತು. ಚಿತ್ರ ದೊಡ್ಡದಾಗಿತ್ತು, ಬಲಗಡೆ ಏನೋ ಮಸುಕಾಗಿದೆ ಅಂತ ನಾನೇ ಅದನ್ನು ಹಿಂದಕ್ಕೆ ಮಡಚಿ ಕೂರಿಸಿದ್ದೆ. ಬಿಡಿಸಿ ನೋಡಿದೆ. ಆ ಮಸುಕು ನಿನ್ನಮ್ಮ. ಒಂದು ಕಾಲು ಕಟ್ಟೆಯ ಮೇಲಿದೆ, ಇನ್ನೊಂದು ಗಾಳಿಯಲ್ಲಿದೆ. ಇದರ ಜೊತೆಗೆ ಕಳಿಸುತ್ತಿದ್ದೇನೆ. ಮಡಿಕೆಯ ಗೆರೆ ಬಿದ್ದಿದೆ, ಹೋಗುವುದಿಲ್ಲ. ಇಟ್ಟುಕೊಳ್ಳುವುದು, ಹರಿಯುವುದು ನಿನಗೆ ಬಿಟ್ಟದ್ದು.

ನಿನ್ನ,
ಅಪ್ಪ

ಇನ್ನೊಂದು: ಮಗುವಿನ ಲೈಫ್ ಜಾಕೆಟ್ ವಯಸ್ಸು ನೋಡಿ ತಗೋಬೇಡ, ತೂಕ ನೋಡಿ ತಗೋ. ಕಾಲುಗಳ ನಡುವೆ ಬಿಗಿಯುವ ಪಟ್ಟಿ ಇರಲಿ. ಹಾಕಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡು, ಕಿವಿವರೆಗೆ ಬಂದರೆ ಅದು ದೊಡ್ಡದು.