ಜೂನ್‌ನಿಂದ ವಿಡಿಯೊ ಪಾಠಗಳಿಲ್ಲ: ನಮ್ಮ ಇಂಗ್ಲಿಷ್ ತರಗತಿಯ ಗ್ರಾಹಕರಿಗೆ ಪತ್ರ

ಮಾನ್ಯರೇ,

ಜೂನ್ 1ರಿಂದ ನಾವು ರೆಕಾರ್ಡ್ ಮಾಡಿದ ವಿಡಿಯೊ ಪಾಠಗಳನ್ನು ಮಾರುವುದಿಲ್ಲ. ಅವುಗಳ ಬದಲು ಆರಾರು ಜನರ ಗುಂಪಿಗೆ ವಾರದಲ್ಲಿ ಮೂರು ಸಂಜೆ ನೇರ ಆನ್‌ಲೈನ್ ತರಗತಿ ನಡೆಸುತ್ತೇವೆ. ತಿಂಗಳ ಶುಲ್ಕ 500 ರೂಪಾಯಿಯಿಂದ 800ಕ್ಕೆ ಏರುತ್ತದೆ. ಬೆಲೆ ಏರಿಕೆಯನ್ನು ಪತ್ರದ ಕೊನೆಯ ಸಾಲಿನಲ್ಲಿ ಅಡಗಿಸಿಡುವ ರೂಢಿ ನಮಗೆ ಹಿಡಿಸದು. ಅದಕ್ಕೇ ಮೊದಲೇ ಹೇಳಿದ್ದೇವೆ. ಇನ್ನು ಕಾರಣ ಕೇಳಿ.

ವಿಡಿಯೊಗಳಲ್ಲಿ ನೀವು ನಮ್ಮಿಂದ ಕೊಳ್ಳುತ್ತಿದ್ದುದು ವಿವರಣೆಯನ್ನು. ಆ ವಿವರಣೆ ಈಗ ಕಾಸಿಲ್ಲದೆ, ನಮ್ಮದಕ್ಕಿಂತ ಹೆಚ್ಚು ಸಿದ್ಧತೆಯೊಂದಿಗೆ ಸಿಗುತ್ತಿದೆ. ಬಿಬಿಸಿ 1943ರಿಂದ ಇಂಗ್ಲಿಷ್ ಕಲಿಸುತ್ತಾ ಬಂದಿದೆ. ಬ್ರಿಟಿಷ್ ಕೌನ್ಸಿಲ್‌ನ ಲರ್ನ್‌ಇಂಗ್ಲಿಷ್ ತಾಣದಲ್ಲಿ ಆರಂಭಿಕರಿಂದ ಹಿಡಿದು ಪಳಗಿದವರವರೆಗೆ ಹಂತ ಹಂತವಾಗಿ ಪಾಠಗಳಿವೆ. ಇವನ್ನೆಲ್ಲ ಬಿಟ್ಟು ನಮ್ಮ ವಿಡಿಯೊಗಳಿಗೆ ಹಣ ಕೊಡಿ ಎಂದು ಇನ್ನೂ ಕೇಳುವುದು ಸರಿಯಲ್ಲ. ಆದರೆ ಯಾವ ತಾಣದ್ದೇ ಆಗಲಿ, ರೆಕಾರ್ಡ್ ಮಾಡಿದ ಪಾಠಕ್ಕೆ ಬಾಯಿ ಇದೆ, ಕಿವಿ ಇಲ್ಲ. ನೀವು ಆಡಿದ ಮಾತನ್ನು ಅದು ಕೇಳಿಸಿಕೊಳ್ಳುವುದಿಲ್ಲ. ಇನ್ನು ಮುಂದೆ ನಾವು ಶುಲ್ಕ ಪಡೆಯುವುದು ಆ ಕೇಳಿಸಿಕೊಳ್ಳುವ ಕೆಲಸಕ್ಕೆ ಮಾತ್ರ.

ಹಾಗೆಂದು ಮನೆಯಲ್ಲಿ ಮಾಡುವ ಅಭ್ಯಾಸ ತಪ್ಪುವುದಿಲ್ಲ. ಉಚಿತ ಎಂದ ಕೂಡಲೇ ಫೋನಿನ ತುಂಬ ಆ್ಯಪ್‌ಗಳನ್ನು ಹಾಕಿಕೊಂಡು ಒಂದನ್ನೂ ಎರಡನೆಯ ವಾರ ತೆರೆಯದವರನ್ನು ಬಹಳ ನೋಡಿದ್ದೇವೆ. ಕೇಳಲು ಒಂದು, ಓದಲು ಒಂದು, ಜೊತೆಗೆ ಒಂದು ನಿಘಂಟು ಇದ್ದರೆ ಸಾಕು.

ಕೇಳಲು ಬಿಬಿಸಿಯ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಅನ್ನು ಆರಿಸಿಕೊಂಡಿದ್ದೇವೆ. ಪ್ರತಿ ಕಂತಿನ ಮಾತುಗಳ ಬರಹರೂಪವೂ ಅಲ್ಲೇ ಸಿಗುತ್ತದೆ. ಮೊದಲ ಸಲ ಬರಹ ನೋಡದೆ ಕೇಳಿ. ಅರ್ಧ ತಿಳಿದರೂ ಸಾಕು. ಎರಡನೆಯ ಸಲ ಬರಹದ ಮೇಲೆ ಕಣ್ಣಿಟ್ಟು ಕೇಳಿ. ಮೂರನೆಯ ಸಲ ಅವರ ದನಿಯ ಬೆನ್ನಿಗೇ ನೀವೂ ಗಟ್ಟಿಯಾಗಿ ಹೇಳುತ್ತಾ ಹೋಗಿ. ಮನೆಯವರು ನಕ್ಕರೆ ನಗಲಿ. ಪದಪದಕ್ಕೂ ಕನ್ನಡ ಅರ್ಥ ಬರೆದುಕೊಳ್ಳುತ್ತಾ ಕೂರಬೇಡಿ. ಆ ನೋಟ್‌ಬುಕ್ ತುಂಬುತ್ತದೆ, ನಾಲಿಗೆ ಹೊರಳುವುದಿಲ್ಲ.

ಓದಲು ಸ್ಟೋರಿವೀವರ್ ಇದೆ. ಮಕ್ಕಳ ಪುಸ್ತಕಗಳ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಈ ತಾಣದಲ್ಲಿ ಕಥೆಗಳನ್ನು ನಾಲ್ಕು ಹಂತಗಳಲ್ಲಿ ಜೋಡಿಸಿದ್ದಾರೆ. ಅನೇಕ ಕಥೆಗಳು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಇರುವುದರಿಂದ ಮೊದಲು ಕನ್ನಡದಲ್ಲಿ ಓದಿ, ಮರುದಿನ ಅದನ್ನೇ ಇಂಗ್ಲಿಷ್‌ನಲ್ಲಿ ಓದಬಹುದು. ಮಕ್ಕಳ ಕಥೆ ಓದಲು ಸಂಕೋಚಪಡುವ ದೊಡ್ಡವರು ಮನೆಯ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಸಂಕೋಚವೂ ಕಳೆಯುತ್ತದೆ, ಮಗುವಿಗೂ ಪಾಠವಾಗುತ್ತದೆ. ನೂರು ಪದಗಳಲ್ಲಿ ತೊಂಬತ್ತೆಂಟರಷ್ಟು ಗೊತ್ತಿದ್ದಾಗಲೇ ನೆರವಿಲ್ಲದ ಓದು ಸಲೀಸಾಗುತ್ತದೆ ಎಂಬುದು ಪದಸಂಪತ್ತಿನ ಕಲಿಕೆಯನ್ನು ಅಧ್ಯಯನ ಮಾಡಿದ ಪಾಲ್ ನೇಷನ್ ಮತ್ತು ಅವರ ಸಂಗಡಿಗರು ಕಂಡುಕೊಂಡ ಸಂಗತಿ. ಹಾಗಾಗಿ ಮೊದಲ ವಾರವೇ ಇಂಗ್ಲಿಷ್ ದಿನಪತ್ರಿಕೆಯ ಸಂಪಾದಕೀಯಕ್ಕೆ ಕೈ ಹಾಕಬೇಡಿ.

ನಿಘಂಟಿಗೆ ಕೇಂಬ್ರಿಡ್ಜ್ ತಾಣ ಸಾಕು. ಬ್ರಿಟಿಷ್ ಮತ್ತು ಅಮೆರಿಕನ್ ಉಚ್ಚಾರಣೆ ಎರಡನ್ನೂ ಅಲ್ಲಿ ಕೇಳಬಹುದು. ಶಾಲಾ ಮಕ್ಕಳು ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗಳಿಂದ ಸರ್ಕಾರದ ಕಲಿಕಾ ತಾಣವಾದ ದೀಕ್ಷಾದ ಸಾಮಗ್ರಿಯನ್ನು ತೆರೆಯಬಹುದು.

ಈಗ ತರಗತಿಯ ವಿಷಯ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಭಾಷಾಬೋಧನೆಯ ಜಗತ್ತು ಅದನ್ನು ಬೆಂಗಳೂರು ಪ್ರಾಜೆಕ್ಟ್ ಎಂದೇ ಕರೆಯುತ್ತದೆ. ವ್ಯಾಕರಣದ ಸೂತ್ರಗಳನ್ನು ಸಾಲಾಗಿ ಕಲಿಸುವ ಬದಲು ಮಕ್ಕಳ ಮುಂದೆ ರೈಲು ವೇಳಾಪಟ್ಟಿ, ನಕ್ಷೆಗಳಂಥವನ್ನು ಇಟ್ಟು ಬಿಡಿಸಲು ಸಮಸ್ಯೆ ಕೊಡುತ್ತಿದ್ದರು. ಮನಸ್ಸು ಅರ್ಥದಲ್ಲಿ ತೊಡಗಿದ್ದಾಗ ವ್ಯಾಕರಣ ತಾನಾಗಿ ಮೈಗೂಡುತ್ತದೆ ಎಂಬುದು ಅವರ ನಂಬಿಕೆ. ಆ ಮಾತನ್ನು ನಾವು ಪೂರ್ತಿ ಒಪ್ಪುವುದಿಲ್ಲ. ದೊಡ್ಡವರಿಗೆ ಅಲ್ಲಲ್ಲಿ ನಿಯಮವನ್ನೂ ಹೇಳಬೇಕಾಗುತ್ತದೆ. ಆದರೆ ಚಟುವಟಿಕೆಗಳನ್ನು ಮಾತ್ರ ಕಣ್ಣುಮುಚ್ಚಿ ತೆಗೆದುಕೊಂಡಿದ್ದೇವೆ.

ಉದಾಹರಣೆಗೆ, ಹುಬ್ಬಳ್ಳಿ–ಬೆಂಗಳೂರು ರೈಲುಗಳ ಪಟ್ಟಿಯಲ್ಲಿ ಅರ್ಧ ಮಾಹಿತಿ ಒಬ್ಬರ ಬಳಿ, ಉಳಿದರ್ಧ ಇನ್ನೊಬ್ಬರ ಬಳಿ ಇರುತ್ತದೆ. ಮಧ್ಯಾಹ್ನ ಎರಡಕ್ಕೆ ದಾವಣಗೆರೆಯಲ್ಲಿ ಸಂದರ್ಶನವಿರುವವರು ಹಾವೇರಿಯಲ್ಲಿ ಯಾವ ರೈಲು ಹತ್ತಬೇಕು ಎಂದು ಇಬ್ಬರೂ ಇಂಗ್ಲಿಷ್‌ನಲ್ಲೇ ಕೇಳಿ ತಿಳಿದು ತೀರ್ಮಾನಿಸಬೇಕು. ಎದುರುಬದುರು ಕುಳಿತರೆ ಒಬ್ಬರ ಹಾಳೆಗೆ ಇನ್ನೊಬ್ಬರು ಇಣುಕುತ್ತಾರೆ, ಇಲ್ಲವೇ ಬೆರಳು ತೋರಿಸಿ ಮುಗಿಸುತ್ತಾರೆ. ಫೋನಿನಲ್ಲಿ ಅದಕ್ಕೆ ಅವಕಾಶವಿಲ್ಲ, ಬಾಯಿ ಬಿಡಲೇಬೇಕು. ಈ ಬಗೆಯ ಅಭ್ಯಾಸಕ್ಕೆ ಕೊಠಡಿಗಿಂತ ಫೋನೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಅದಕ್ಕಾಗಿಯೇ ಈ ಹೊತ್ತಿನಲ್ಲಿ ಕ್ಯಾಮೆರಾ ಆಫ್ ಇರುತ್ತದೆ. ಹಾನಗಲ್, ಬ್ಯಾಡಗಿ ಕಡೆಯ ಹಳ್ಳಿಗಳಿಂದ ಸೇರುವವರಿಗೆ ಡೇಟಾ ಖರ್ಚೂ ಕಡಿಮೆಯಾಗುತ್ತದೆ.

ಮಾತಿನ ನಡುವೆ ಬೋಧಕರು ತಿದ್ದುವುದಿಲ್ಲ, ಬರೆದಿಟ್ಟುಕೊಳ್ಳುತ್ತಾರೆ. ಕೊನೆಯ ಹತ್ತು ನಿಮಿಷ ತಿದ್ದುವುದಕ್ಕೇ ಮೀಸಲು. ಸೂಚನೆಗಳನ್ನು ಕನ್ನಡದಲ್ಲಿ ಕೊಡುತ್ತೇವೆ. ‘ದುಡ್ಡು ಕೊಟ್ಟು ಇಂಗ್ಲಿಷ್ ಕಲಿಯಲು ಕಳಿಸಿದರೆ ಮೇಡಂ ಕನ್ನಡ ಮಾತನಾಡುತ್ತಾರೆ’ ಎಂದು ಕೆಲವು ಪೋಷಕರು ಆಕ್ಷೇಪಿಸಿದ್ದಾರೆ. ಚಟುವಟಿಕೆ ಏನೆಂದೇ ತಿಳಿಯದೆ ಕಾಲು ಗಂಟೆ ಕಳೆಯುವುದಕ್ಕಿಂತ ಎರಡು ಕನ್ನಡ ವಾಕ್ಯಗಳಲ್ಲಿ ವಿಷಯ ಮುಟ್ಟಿಸಿ ಆ ಕಾಲು ಗಂಟೆಯನ್ನು ಇಂಗ್ಲಿಷ್ ಮಾತಿಗೆ ಬಿಡುವುದು ಲಾಭ. ಇದನ್ನು ಬದಲಿಸುವುದಿಲ್ಲ.

ಶುಲ್ಕ ಏರಿದ್ದು ಏಕೆಂದರೆ, ಒಂದೇ ವಿಡಿಯೊವನ್ನು ಎಷ್ಟು ಜನರಿಗಾದರೂ ಮಾರಬಹುದಿತ್ತು. ಆರು ಜನರ ಗುಂಪಿಗೆ ಪ್ರತಿ ಸಲವೂ ಒಬ್ಬ ಬೋಧಕರು ಕೂರಲೇಬೇಕು. ಮುಂಗಡ ಕಟ್ಟಿದವರಿಗೆ ಅವಧಿ ಮುಗಿಯುವವರೆಗೆ ಹಳೆಯ ದರದಲ್ಲೇ ಹೊಸ ತರಗತಿ ಸಿಗುತ್ತದೆ. ಬೇಡವೆನ್ನುವವರಿಗೆ ಉಳಿದ ತಿಂಗಳುಗಳ ಹಣ ವಾಪಸ್. ಈಗಾಗಲೇ ಕೊಂಡ ವಿಡಿಯೊಗಳು ಡಿಸೆಂಬರ್ ಕೊನೆಯವರೆಗೆ ತೆರೆದಿರುತ್ತವೆ.

ಸಂಜೆ ಏಳು ಅಥವಾ ಎಂಟೂವರೆ, ಯಾವ ಹೊತ್ತು ಅನುಕೂಲವೆಂದು ಮೇ 20ರೊಳಗೆ ನಮ್ಮ ವಾಟ್ಸ್‌ಆ್ಯಪ್ ಸಂಖ್ಯೆಗೆ ಬರೆದು ತಿಳಿಸಿ. ಮೈಕ್ ಇರುವ ಸಾಧಾರಣ ಇಯರ್‌ಫೋನ್ ಸಾಕು, ಲ್ಯಾಪ್‌ಟಾಪ್ ಕೊಳ್ಳಬೇಕಾಗಿಲ್ಲ.

ವಿಶ್ವಾಸದೊಂದಿಗೆ,
ಬೋಧಕರ ಬಳಗದ ಪರವಾಗಿ,
ಹಾವೇರಿ