ಅರ್ಧ ಅಂಕದ ಗೆಲುವು: ಲೂಯಿವಿಲ್‌ನ ಗೆಳೆಯನಿಗೊಂದು ಪತ್ರ

ಲೋ ಶೀನ,

ಇದನ್ನು ವಾಟ್ಸಾಪಿನಲ್ಲೇ ಕಳಿಸಬಹುದಿತ್ತು. ಅಲ್ಲಿ ಕಳಿಸಿದರೆ ನೀನು ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾಗ್ತೀಯ. ನಾಲ್ಕು ಜನರ ಎದುರು ಕೇಳಿದರೆ ಬಾಯಿ ಬಿಡಲೇಬೇಕು, ಅದಕ್ಕೆ ಇಲ್ಲಿ. ಓದುವ ಉಳಿದವರಿಗೆ ಒಂದೇ ಮಾತು: ಇದು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್, ಕೆಂಟಕಿ ವಿಶ್ವವಿದ್ಯಾಲಯದ ಯಾವ ವರ್ಷದ ತಂಡ ದೊಡ್ಡದು ಅನ್ನೋ ನಮ್ಮಿಬ್ಬರ ಜಗಳ. ಪ್ರಸನ್ನ ನಾಯಕರಾಗಿ 1974ರಲ್ಲಿ ರಣಜಿ ಗೆದ್ದ ಕರ್ನಾಟಕ ದೊಡ್ಡದೋ, ವಿನಯ್ ಕುಮಾರ್ ನಾಯಕತ್ವದಲ್ಲಿ ಸತತ ಎರಡು ವರ್ಷ ಗೆದ್ದದ್ದು ದೊಡ್ಡದೋ ಅಂತ ಮಧ್ಯರಾತ್ರಿ ತನಕ ಜಗಳ ಆಡಿದವರಿಗೆ ಈ ಕಾಯಿಲೆಯ ಪರಿಚಯ ಇರುತ್ತೆ.

ಕೆಂಟಕಿಯ ದೊಡ್ಡ ತಂಡಗಳ ಪಟ್ಟಿ ಮುಗೀತು ಕಣೋ. 1996 ಮೊದಲು, 2015 ಎರಡನೆಯದು, 2012 ಮೂರನೆಯದು. ಮೊದಲೆರಡರ ನಡುವೆ ಬರೀ ಅರ್ಧ ಅಂಕ. ಕೂಗಾಡಬೇಡ.

ಲೆಕ್ಕ ಹೇಗೆ ಅಂತ ಕೇಳ್ತೀಯ, ಹೇಳ್ತೀನಿ. ಒಂದು ಪಂದ್ಯಕ್ಕೆ ಎಷ್ಟು ಅಂಕ ಹೊಡೆದರು ಅಂತ ನೋಡಿದರೆ 1996ರ ತಂಡ ಸುಲಭವಾಗಿ ಗೆಲ್ಲುತ್ತೆ, ಸರಾಸರಿ 91 ದಾಟಿತ್ತು. ಅದು ಮೋಸದ ಅಂಕಿ. ಆಗಿನ ಕೋಚ್ ರಿಕ್ ಪಿಟಿನೊ ಹುಡುಗರನ್ನು ಇಡೀ ಅಂಗಳದಲ್ಲಿ ಪ್ರೆಸ್ ಮಾಡಿಸುತ್ತಿದ್ದ. ಎದುರಾಳಿ ಚೆಂಡನ್ನು ಒಳಗೆ ಹಾಕುವ ಮೊದಲೇ ಮೈಮೇಲೆ ಬೀಳುತ್ತಿದ್ದರು. ಆಟ ಓಡುತ್ತಿತ್ತು, ಸರದಿಗಳು ಹೆಚ್ಚುತ್ತಿದ್ದವು, ಅಂಕವೂ ಹೆಚ್ಚುತ್ತಿತ್ತು. ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ವಿರುದ್ಧ ಮೊದಲರ್ಧದಲ್ಲೇ 86 ಹೊಡೆದದ್ದು ಹಾಗೆ. ಹಾಗಾಗಿ ಮೊದಲು ಪೊಸೆಷನ್, ಅಂದರೆ ಚೆಂಡು ಕೈಯಲ್ಲಿದ್ದ ಸರದಿ, ಎಣಿಸಬೇಕು: ಹೊಡೆದ ಶಾಟ್‌ಗಳಲ್ಲಿ ಆಫೆನ್ಸಿವ್ ರಿಬೌಂಡ್ (ತಪ್ಪಿದ ತಮ್ಮದೇ ಶಾಟ್‌ನ ಚೆಂಡು ಮತ್ತೆ ಹಿಡಿದದ್ದು) ಕಳಿ, ಟರ್ನೋವರ್ (ಶಾಟ್ ಹೊಡೆಯದೇ ಚೆಂಡು ಕಳೆದುಕೊಂಡದ್ದು) ಕೂಡಿಸು, ಫ್ರೀ ಥ್ರೋಗಳನ್ನು (ಫೌಲಿಗೆ ಸಿಗುವ ಹೊಡೆತ) 0.475ರಿಂದ ಗುಣಿಸಿ ಕೂಡಿಸು. ಎರಡು ಫ್ರೀ ಥ್ರೋಗೆ ಒಂದು ಪೊಸೆಷನ್ ಅಂದರೆ ಅರ್ಧ ಇರಬೇಕಿತ್ತಲ್ಲ ಅಂತೀಯ. ಬುಟ್ಟಿ ಬಿದ್ದ ಮೇಲೆ ಫೌಲಿಗೆ ಸಿಗುವ ಒಂಟಿ ಫ್ರೀ ಥ್ರೋ ಹೊಸ ಪೊಸೆಷನ್ ತಿನ್ನುವುದಿಲ್ಲ. ಆ ಚಿಲ್ಲರೆ ಕಡಿತ ಅದಕ್ಕೆ.

ಇದು ಎಷ್ಟು ವ್ಯತ್ಯಾಸ ಮಾಡುತ್ತೆ ನೋಡು. 80 ಪೊಸೆಷನ್ ಆಡಿ 20 ಅಂಕದಿಂದ ಗೆದ್ದರೆ ನೂರು ಪೊಸೆಷನ್‌ಗೆ 25. 62 ಪೊಸೆಷನ್ ಆಡಿ ಅದೇ 20ರಿಂದ ಗೆದ್ದರೆ ನೂರಕ್ಕೆ 32. ಪೇಪರಿನಲ್ಲಿ ಎರಡೂ ಒಂದೇ ಗೆಲುವು, ಎರಡನೆಯದರ ತೂಕ ಬೇರೆ. 2015ರ ತಂಡ ಮೇಲೇರುವುದು ಈ ಹಂತದಲ್ಲೇ. ಲೆಕ್ಕ ಎಡವುವ ಇನ್ನೊಂದು ಕಡೆ ಅಂದರೆ, ಫಲಿತಾಂಶ ಖಚಿತವಾದ ಮೇಲಿನ ನಿಮಿಷಗಳು. 1996ರ ತಂಡದ ಒಂಬತ್ತು ಹುಡುಗರು ಮುಂದೆ ಎನ್‌ಬಿಎ, ಅಂದರೆ ಅಮೆರಿಕದ ವೃತ್ತಿಪರ ಲೀಗ್, ಆಡಿದರು. ಬೆಂಚಿನಿಂದ ಎದ್ದು ಬಂದ ರಾನ್ ಮರ್ಸರ್ ಫೈನಲಿನಲ್ಲಿ 20 ಹೊಡೆದ. ಅಂಥವರು ಕೊನೆಯ ಹತ್ತು ನಿಮಿಷ ಆಡಿದರೆ ಅಂತರ ಉಬ್ಬುತ್ತೆ. ಅದಕ್ಕೆ 30ಕ್ಕಿಂತ ಹೆಚ್ಚಿನ ಅಂತರವನ್ನೆಲ್ಲ 30 ಅಂತಲೇ ಹಿಡಿದೆ. ಮೂರು ಅಂಕದ ಗೆರೆಯನ್ನೂ ಮರೆಯಬೇಡ. 1996ರ ಫೈನಲಿನಲ್ಲಿ ಟೋನಿ ಡೆಲ್ಕ್ ಸಿರಾಕ್ಯೂಸ್ ವಿರುದ್ಧ ಏಳು ತ್ರೀ (ಮೂರಂಕದ ಬುಟ್ಟಿ) ಹಾಕಿದಾಗ ಗೆರೆ ಇದ್ದದ್ದು 19 ಅಡಿ 9 ಅಂಗುಲಕ್ಕೆ. 2008ರಲ್ಲಿ ಗೆರೆ ಸರಿದ ಮೇಲೆ ಆಡಿದ 2012, 2015ರವರು ಒಂದಡಿ ಹಿಂದೆ ನಿಂತು ಹೊಡೆದರು.

2012ರದು ನಿನ್ನ ತಂಡ, ಗೊತ್ತು. 38 ಗೆಲುವು, 2 ಸೋಲು, ಅದರಲ್ಲೊಂದು ಇಂಡಿಯಾನಾದ ಕ್ರಿಶ್ಚಿಯನ್ ವಾಟ್‌ಫರ್ಡ್ ಕೊನೇ ಕ್ಷಣದಲ್ಲಿ ಹಾಕಿದ ತ್ರೀ. (ಅದನ್ನು ನೆನಪಿಸಿದ್ದಕ್ಕೆ ಕ್ಷಮೆ ಇಲ್ಲ.) ಆಂಥೊನಿ ಡೇವಿಸ್ ಫೈನಲಿನಲ್ಲಿ ಹತ್ತು ಶಾಟ್ ಹೊಡೆದು ಒಂದೇ ಒಂದು ಹಾಕಿದ. ಒಟ್ಟು 6 ಅಂಕ. ಆದರೂ ಶ್ರೇಷ್ಠ ಆಟಗಾರ ಅವನೇ, ಯಾಕಂದರೆ 16 ರಿಬೌಂಡ್, 6 ಬ್ಲಾಕ್ (ತಡೆದ ಶಾಟ್), 5 ಅಸಿಸ್ಟ್ (ಬುಟ್ಟಿಗೆ ದಾರಿಯಾದ ಪಾಸ್), 3 ಸ್ಟೀಲ್ (ಕಸಿದ ಚೆಂಡು). ಅಂಕವನ್ನೇ ನೋಡಿ ತಂಡ ಅಳೆಯುವವನಿಗೆ ಆ ಒಂದು ಸಾಲು ತೋರಿಸಿದರೆ ಸಾಕು. ಡೇವಿಸ್ ಬುಟ್ಟಿಯ ಕೆಳಗೆ ನಿಂತಿದ್ದಾನೆ ಅಂತ ಗೊತ್ತಾಗಿ ಹೊಡೆಯದೇ ಬಿಟ್ಟ ಶಾಟ್‌ಗಳಿಗೆ ಯಾವ ಕಾಲಮ್ಮೂ ಇಲ್ಲ.

2015ರದನ್ನು ಬರೆಯುವಾಗ ಕೈ ತಡೆಯುತ್ತೆ. ಐದೈದು ಜನರ ಎರಡು ತುಕಡಿ, ಬೆಂಚಿನಲ್ಲಿ ಡೆವಿನ್ ಬುಕರ್. ಡಿಸೆಂಬರಿನಲ್ಲಿ ಅಲೆಕ್ಸ್ ಪಾಯ್ಥ್ರೆಸ್‌ನ ಮಂಡಿ ಹೋದ ಮೇಲೆ ತುಕಡಿ ಪದ್ಧತಿ ಸಡಿಲವಾಯಿತು, ಗೆಲುವು ನಿಲ್ಲಲಿಲ್ಲ. 38 ಪಂದ್ಯ ಸಾಲಾಗಿ. ಆಮೇಲೆ ಸೆಮಿಫೈನಲಿನಲ್ಲಿ ವಿಸ್ಕಾನ್ಸಿನ್ ಎದುರು ಸೋಲು. 60-56ರಿಂದ ಮುಂದಿದ್ದವರು ಒಂದರ ಹಿಂದೆ ಒಂದು ಮೂರು ಸಲ, ಶಾಟ್ ಹೊಡೆಯಲು ಆಗ ಇದ್ದ 35 ಸೆಕೆಂಡ್ ಮುಗಿಸಿ ಚೆಂಡು ಒಪ್ಪಿಸಿದರು. ಅಷ್ಟರಲ್ಲಿ ಎದುರಿನವರು ಸತತ 8 ಅಂಕ. ಮುನ್ನಡೆ ಉಳಿಸಲು ನಿಧಾನ ಮಾಡಿದ ತಂಡ ಮೊದಲ ಹದಿನೈದು ಸೆಕೆಂಡ್ ಸುಮ್ಮನೆ ಪಾಸ್ ಮಾಡಿ ಕಳೆಯುತ್ತೆ, ಉಳಿದದ್ದರಲ್ಲಿ ಮೊದಲ ಯತ್ನ ತಡೆದರೆ ಎರಡನೆಯದಕ್ಕೆ ಸಮಯವೇ ಇರಲ್ಲ. ಕಾರ್ಲ್ ಆಂಥೊನಿ ಟೌನ್ಸ್ ಒಳಗೆ ಕೈ ಎತ್ತಿ ನಿಂತಿದ್ದ, ಚೆಂಡು ಹೊರಗೇ ಸುತ್ತುತ್ತಿತ್ತು.

ಇಲ್ಲಿಗೆ ಮುಗಿಸಬೇಕಿತ್ತು. ಹಳೆಯದನ್ನೂ ಸೇರಿಸೋಣ ಅಂತ 1949ಕ್ಕೆ ಕೈ ಹಾಕಿದ್ದೇ ತಪ್ಪಾಯಿತು.

ಕೋಚ್ ಅಡಾಲ್ಫ್ ರಪ್ ಕಾಲದ ತಂಡ, 32 ಗೆಲುವು 2 ಸೋಲು, ರಾಷ್ಟ್ರೀಯ ಚಾಂಪಿಯನ್. ಆಗಿನ ಸ್ಕೋರ್‌ಪಟ್ಟಿಯಲ್ಲಿ ಬುಟ್ಟಿ, ಫ್ರೀ ಥ್ರೋ, ಫೌಲ್, ಅಂಕ, ಅಷ್ಟೇ. ಟರ್ನೋವರ್ ಇಲ್ಲ, ಬ್ಲಾಕ್ ಇಲ್ಲ, ಕಾಲೇಜು ಆಟಕ್ಕೆ ಶಾಟ್ ಕ್ಲಾಕ್ (ಶಾಟ್ ಹೊಡೆಯಲು ಸಮಯದ ಮಿತಿ) ಬರಲು ಇನ್ನೂ ಮೂವತ್ತಾರು ವರ್ಷ ಬಾಕಿ. ಸೂತ್ರ ನಡೆಯಲ್ಲ. ಕೈಲಿ ಉಳಿದದ್ದು ಒಂದೇ, ಗೆಲುವಿನ ಅಂತರ. ಆ ಅಂತರವೇ ಮಾರಾಟವಾಗಿತ್ತು. ರಾಲ್ಫ್ ಬಿಯರ್ಡ್, ಅಲೆಕ್ಸ್ ಗ್ರೋಜಾ, ಡೇಲ್ ಬಾರ್ನ್‌ಸ್ಟೇಬಲ್ ಮೂವರೂ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಲೊಯೋಲಾ ವಿರುದ್ಧದ ಪಂದ್ಯಕ್ಕೆ ತಲಾ 500 ಡಾಲರ್ ತಗೊಂಡಿದ್ದರು. 1951ರಲ್ಲಿ ಬಂಧನ, ಎನ್‌ಬಿಎಯಿಂದ ಜೀವನಪೂರ್ತಿ ಹೊರಗೆ. ಬಿಯರ್ಡ್, ಗ್ರೋಜಾ ಇಬ್ಬರೂ 1948ರ ಲಂಡನ್ ಒಲಿಂಪಿಕ್ಸ್ ಚಿನ್ನ ಗೆದ್ದವರು ಬೇರೆ. ಕೆಂಟಕಿಯ 1952-53ರ ಋತುವೇ ರದ್ದಾಯಿತು. ಮರುವರ್ಷ 25 ಆಡಿ 25 ಗೆದ್ದು ಬಂದ ತಂಡ, ಮುಖ್ಯ ಮೂವರಿಗೆ ಅರ್ಹತೆ ಇಲ್ಲ ಅಂತಾದಾಗ ಟೂರ್ನಿಯೇ ಬೇಡ ಅಂದಿತು. ಪ್ರಶಸ್ತಿಗೆ ಅಂಕ ಕೊಡುವ ನನ್ನ ಪಟ್ಟಿಯಲ್ಲಿ ಆ ತಂಡಕ್ಕೆ ಸೊನ್ನೆ.

ಹೀಗೆ ದುಡ್ಡು ತಗೊಂಡು ಅಂತರ ಇಳಿಸುವುದಕ್ಕೆ ಪಾಯಿಂಟ್ ಶೇವಿಂಗ್ ಅಂತಾರೆ; ಹಾಗಂದರೆ ಸೋಲುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಬುಕ್ಕಿ ಹತ್ತು ಅಂಕದ ಗೆಲುವು ಅಂತ ಅಂದಾಜು ಕಟ್ಟುತ್ತಾನೆ, ನೀನು ಆರರಿಂದ ಗೆಲ್ಲಬೇಕು. ಗೆಲುವೂ ಉಳಿಯಿತು, ದುಡ್ಡೂ ಬಂತು. ಒಂದು ಪಾಸ್ ತಡ, ಒಂದು ರಿಬೌಂಡಿಗೆ ಅರ್ಧ ಜಿಗಿತ, ಯಾರಿಗೂ ಕಾಣಲ್ಲ. ಅಂತರವನ್ನು ಹೀಗೆ ಹದದಲ್ಲಿ ಹಿಡಿಯುವುದು ಗೆಲ್ಲುವುದಕ್ಕಿಂತ ಕಷ್ಟ. ಲೊಯೋಲಾ ಪಂದ್ಯದಲ್ಲಿ ಹದ ತಪ್ಪಿತು, 67-56ಕ್ಕೆ ಸೋತೇ ಹೋದರು.

ಇದನ್ನು ಬರೆದಿಟ್ಟು ನನ್ನ ಪಟ್ಟಿಯ ಕಡೆ ತಿರುಗಿದೆ ನೋಡು. ಪ್ರಶಸ್ತಿಗೆ 20 ಇತ್ತು, 30 ಮಾಡಿದ್ದೆ. 20 ಇದ್ದಾಗ 2015 ಮೇಲಿತ್ತು. 35 ಮಾಡಿದ್ದರೆ 1996 ಆರಾಮಾಗಿ ಗೆಲ್ಲುತ್ತಿತ್ತು, ಅದನ್ನೂ ಮಾಡಿ ನೋಡಿ ಅಳಿಸಿದ್ದೆ. 30ಕ್ಕೆ ನಿಲ್ಲಿಸಿದ್ದು ಅರ್ಧ ಅಂಕ ಬರಲಿ ಅಂತಲೇ. ಗೆಲುವು ನಂದಾಗಬೇಕು, ನೀನು ಒಪ್ಪಲೂಬಾರದು. ಒಪ್ಪಿಬಿಟ್ಟರೆ ಭಾನುವಾರದ ಫೋನಿನಲ್ಲಿ ನಾವು ಮಾತಾಡುವುದು ಏನು ಹೇಳು. ಮನೆಯವರೆಲ್ಲ ಚೆನ್ನಾಗಿದ್ದಾರಾ, ಹ್ಞೂಂ, ಅಲ್ಲಿ ಚಳಿನಾ, ಹ್ಞೂಂ. ಅದು ಮುಗಿಯೋಕೆ ಎರಡು ನಿಮಿಷ. ಆಮೇಲೆ ಬರುವ ಮೌನಕ್ಕೆ ನಾನು ಡೇವಿಸ್‌ನನ್ನೂ ಡೆಲ್ಕ್‌ನನ್ನೂ ಅಡ್ಡ ಹಾಕಿಕೊಂಡು ಬಂದಿದ್ದೀನಿ ಅನ್ನಿಸಿತು.

ಆಯ್ತು ಬಿಡು, ಜನ ಓದ್ತಿದ್ದಾರೆ. ಒಂದು ಪೈಸೆ ಲಂಚ ಇಲ್ಲದೆ ಪಾಯಿಂಟ್ ಶೇವಿಂಗ್ ಮಾಡಿದ ದಡ್ಡ ನಾನೊಬ್ಬನೇ ಇರಬೇಕು. ನನ್ನನ್ನೂ ಜೀವನಪೂರ್ತಿ ಹೊರಗಿಟ್ಟರೂ ಸರಿ, ಆದರೆ ಎದುರಾಳಿ ಲೂಯಿವಿಲ್‌ನ ಕೆಂಪು ಊರಿನಲ್ಲಿ ಕೂತು ಕೆಂಟಕಿಯ ನೀಲಿ ಅಂಗಿ ಹಾಕುವವನ ಕೈಯಲ್ಲಿ ವಿಚಾರಣೆ ಬೇಡ. ನಿಮ್ಮೂರಿನಲ್ಲಿ ಇದೇ ಪಿಟಿನೊ ಗೆದ್ದುಕೊಟ್ಟ 2013ರ ಚಾಂಪಿಯನ್ ಬ್ಯಾನರನ್ನು, ಪ್ರಶಸ್ತಿ ರದ್ದಾದಾಗ 2018ರಲ್ಲಿ ಇಳಿಸಿದವರು ನೀವು, ನಿಮಗೆ ಅಭ್ಯಾಸ ಇದೆ. 

ಅಂದಹಾಗೆ 1978ರ ತಂಡವನ್ನು ಇನ್ನೂ ಪಟ್ಟಿಗೆ ಹಾಕಿಲ್ಲ. ಜಾಕ್ ಗಿವೆನ್ಸ್ ಫೈನಲಿನಲ್ಲಿ ಡ್ಯೂಕ್ ವಿರುದ್ಧ 41 ಹೊಡೆದ, ಆಗ ತ್ರೀ ಗೆರೆಯೇ ಇರಲಿಲ್ಲ. ಅದಕ್ಕೆ ಎಷ್ಟು ಕೊಡೋಣ ಅಂತ ಭಾನುವಾರದೊಳಗೆ ಯೋಚಿಸಿಟ್ಟಿರು.

ನಿನ್ನ,
ಛತ್ರಿ