ನಿಮ್ಮ ಸ್ಕ್ರೀನ್ ಹಸಿರಾಗಿತ್ತು, ನಮ್ಮ ಗೇರಿನ ಹಲ್ಲು ಮುರಿದಿತ್ತು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಒಂದನೇ ಮಿಲ್ಲಿನ ಗೇರ್‌ಬಾಕ್ಸಿಗೆ ನೀವು ಕೂರಿಸಿದ, ಕಂಪನ ಅಳೆಯುವ ವೈಬ್ರೇಶನ್ ಸೆನ್ಸರ್‌ಗಳ ಬಗ್ಗೆ ದೂರು

ಮಾನ್ಯರೇ,

ನಾನು ಮುಧೋಳ ತಾಲ್ಲೂಕಿನ ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುವವನು. ಡಿಸೆಂಬರ್ 4ರಿಂದ 13ರವರೆಗೆ ನಿಮಗೆ ಏಳು ಸಲ ಫೋನ್ ಮಾಡಿದ್ದೇನೆ, ಮೂರು ಮೇಲ್ ಕಳಿಸಿದ್ದೇನೆ. ಪ್ರತಿ ಸಲ ಒಂದು ಟಿಕೆಟ್ ನಂಬರ್ ಬಂತು. ನಿಮ್ಮವರು ಒಬ್ಬರೂ ಬರಲಿಲ್ಲ. 14ರ ಬೆಳಗಿನ ಜಾವ 3.20ಕ್ಕೆ ಗೇರ್‌ಬಾಕ್ಸ್ ನಿಂತೇ ಹೋಯಿತು. ಇನ್ನು ಫೋನ್ ಮಾಡುವುದಿಲ್ಲ.

ಬಿಚ್ಚಿ ನೋಡಿದಾಗ ಎರಡನೇ ಶಾಫ್ಟಿನ 91 ಹಲ್ಲಿನ ಚಕ್ರದಲ್ಲಿ ಎರಡು ಹಲ್ಲು ಬುಡದಿಂದಲೇ ಕಿತ್ತು ಬಂದಿದ್ದವು. ಒಂದು ತುಂಡು ಪಿನಿಯನ್ (ಆ ಚಕ್ರವನ್ನು ತಿರುಗಿಸುವ ಚಿಕ್ಕ ಗೇರ್) ನಡುವೆ ಸಿಕ್ಕಿ ಅದನ್ನೂ ಜಜ್ಜಿ ಹಾಕಿತ್ತು. ಮುರಿದ ಜಾಗದಲ್ಲಿ ಅರ್ಧ ಭಾಗ ನಯವಾಗಿ, ಕಪ್ಪಾಗಿತ್ತು. ಇನ್ನರ್ಧ ಬೆಳ್ಳಗೆ, ಒರಟಾಗಿತ್ತು. ಇದರ ಅರ್ಥ ನಿಮಗೆ ಗೊತ್ತಿರಲೇಬೇಕು. ಬಿರುಕು ಎಷ್ಟೋ ದಿನದಿಂದ ಬೆಳೆಯುತ್ತಾ ಬಂದಿತ್ತು, ಕೊನೆಯ ಅರ್ಧ ಮಾತ್ರ ಆ ರಾತ್ರಿ ಮುರಿದದ್ದು. ಆ ಅಷ್ಟೂ ದಿನ ನಿಮ್ಮ ಸೆನ್ಸರ್‌ಗಳು ಅದೇ ಗೇರ್‌ಬಾಕ್ಸಿನ ಮೇಲೆ ಕೂತಿದ್ದವು.

ಹಂಗಾಮಿನ ನಡುವೆ 41 ಗಂಟೆ ಮಿಲ್ ನಿಂತಿತು. ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು ಯಾರ್ಡ್ ದಾಟಿ ರಸ್ತೆಗೆ ಬಂತು. ಕಡಿದ ಕಬ್ಬು ಬಿಸಿಲಿಗೆ ನಿಂತರೆ ತೂಕ ಇಳಿಯುತ್ತದೆ, ರಿಕವರಿಯೂ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣವೂ, ಬೀಳುತ್ತದೆ. ತೂಕ ಇಳಿದರೆ ರೈತನಿಗೆ ನಷ್ಟ, ರಿಕವರಿ ಬಿದ್ದರೆ ನಮಗೆ. ಎರಡು ರಾತ್ರಿ ಟ್ರಾಲಿ ಕೆಳಗೇ ಮಲಗಿದ್ದ ಒಬ್ಬ ರೈತರು ನನ್ನನ್ನು ನಿಲ್ಲಿಸಿ, "ಸಾಹೇಬ್ರ, ನಮ್ಮ ಪಾಳಿ ಯಾವಾಗ ಬರ್ತೈತ್ರಿ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಡಿಸೆಂಬರ್ 11ರ ವಿಷಯ. ಇದನ್ನು ಪೂರ್ತಿ ಬರೆಯುತ್ತೇನೆ, ಯಾಕೆಂದರೆ ನಿಮ್ಮ ರೆಕಾರ್ಡಿನಲ್ಲಿ ಇದು "ಗ್ರಾಹಕರಿಗೆ ವಿವರಿಸಲಾಗಿದೆ, ಟಿಕೆಟ್ ಮುಚ್ಚಲಾಗಿದೆ" ಅಂತ ಮಾತ್ರ ಇದೆ.

ಮಧ್ಯಾಹ್ನ ನಾಲ್ಕು ಗಂಟೆ. ಜನರಲ್ ಮ್ಯಾನೇಜರ್ (ಜಿ.ಎಂ.) ಸಾಹೇಬರ ಚೇಂಬರಿನಲ್ಲಿ ವಿಡಿಯೋ ಕಾಲ್. ಚೀಫ್ ಕೆಮಿಸ್ಟ್ ಇದ್ದರು, ಇಬ್ಬರು ಶಿಫ್ಟ್ ಎಂಜಿನಿಯರ್ ಇದ್ದರು. ನಮ್ಮ ಹಿರಿಯ ಫಿಟ್ಟರ್ ಅವರನ್ನೂ ನಾನೇ ಕರೆಸಿದ್ದೆ. 31 ವರ್ಷದ ಸರ್ವಿಸ್ ಅವರದು. ಗೇರ್‌ಬಾಕ್ಸಿನ ಸದ್ದು ಬದಲಾಗಿದೆ ಅಂತ ಮೊದಲು ಹೇಳಿದ್ದೇ ಅವರು. ಕಾಟನ್ ವೇಸ್ಟಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಾಗಿಲ ಹತ್ತಿರ ನಿಂತಿದ್ದರು. ಕೂರಿ ಅಂದರೂ ಕೂರಲಿಲ್ಲ.

ನಿಮ್ಮ ಎಂಜಿನಿಯರ್ ಸ್ಕ್ರೀನ್ ತೋರಿಸಿದರು. "ನೋಡಿ ಸರ್, ಎಲ್ಲಾ ಗ್ರೀನ್. ವೈಬ್ರೇಶನ್ 2.9 ಇದೆ, ಲಿಮಿಟ್ 7.1."

ಒಳಗೆ ಏನೋ ಬಡಿಯುತ್ತಿದೆ ಅಂದೆ. ಹೇಗೆ ಗೊತ್ತಾಯಿತು ಅಂತ ಕೇಳಿದರು. ಫಿಟ್ಟರ್ ಬೇರಿಂಗ್ ಹೌಸಿಂಗಿಗೆ ಸ್ಕ್ರೂಡ್ರೈವರ್ ಇಟ್ಟು, ಹಿಡಿಕೆಗೆ ಕಿವಿ ಕೊಟ್ಟು ಕೇಳಿದ್ದಾರೆ ಅಂದೆ. ಎರಡು ಸೆಕೆಂಡ್ ಸುಮ್ಮನಿದ್ದರು. ಆಮೇಲೆ ನಕ್ಕರು. "ಸ್ಕ್ರೂಡ್ರೈವರಾ? ಸರ್, ಯಾವ ಕಾಲದಲ್ಲಿದ್ದೀರಾ?" ಅವರ ಹಿಂದೆ ಇನ್ಯಾರೋ ನಕ್ಕಿದ್ದೂ ಕೇಳಿಸಿತು.

ನಾನು ಬಿಡಲಿಲ್ಲ. ಆ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ನಿಧಾನ ಮಾಡಿ, ಎಣಿಸಿದ್ದೆ. ಹತ್ತು ಸೆಕೆಂಡಿಗೆ 62 ಬಡಿತ. ಮೋಟಾರ್ ನಿಮಿಷಕ್ಕೆ 1,480 ಸುತ್ತು, ಪಿನಿಯನ್ 23 ಹಲ್ಲು, ಚಕ್ರ 91 ಹಲ್ಲು. ಅಂದರೆ ಎರಡನೇ ಶಾಫ್ಟ್ ನಿಮಿಷಕ್ಕೆ 374 ಸುತ್ತು, ಹತ್ತು ಸೆಕೆಂಡಿಗೆ 62 ಸುತ್ತು. ಸುತ್ತಿಗೊಂದು ಬಡಿತ. ಅಂದಮೇಲೆ ಆ ಚಕ್ರದ ಮೇಲೇ ಒಂದು ಜಾಗ ಕೆಟ್ಟಿದೆ ಅಂತ ತಾನೇ? ಇದನ್ನು ಹೇಳಿದೆ. "ಮೊಬೈಲ್ ರೆಕಾರ್ಡಿಂಗ್ ಡೇಟಾ ಅಲ್ಲ ಸರ್" ಅಂದರು.

ಆಗ ಫಿಟ್ಟರ್ ಮುಂದೆ ಬಂದು, ಜೇಬಿನಿಂದ ಪೇಪರ್ ಪೊಟ್ಟಣ ತೆಗೆದು ಟೇಬಲ್ ಮೇಲೆ ಬಿಚ್ಚಿದರು. ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ಟಿಗೆ ಅಂಟಿದ್ದ ಕಬ್ಬಿಣದ ಚೂರುಗಳು. ಸಾಮಾನ್ಯವಾಗಿ ಅಲ್ಲಿ ಕಪ್ಪು ಕೆಸರಿನಂಥ ಸಣ್ಣ ಪುಡಿ ಇರುತ್ತದೆ. ಇವು ಉಗುರಿನಷ್ಟು ಅಗಲ, ಹೊಳೆಯುತ್ತಿದ್ದವು. ಕ್ಯಾಮೆರಾಕ್ಕೆ ಹಿಡಿದು ತೋರಿಸಿದೆ. ನಿಮ್ಮವರು ಅದನ್ನು ಸರಿಯಾಗಿ ನೋಡಲೂ ಇಲ್ಲ. "ನಿಮ್ಮ ಸ್ಟಾಫಿಗೆ ಒಂದು ದಿನ ಟ್ರೈನಿಂಗ್ ಕೊಡ್ತೀವಿ, ಡ್ಯಾಶ್‌ಬೋರ್ಡ್ ಓದೋದು ಕಲೀಲಿ. ಚಾರ್ಜ್ ಬೇರೆ ಆಗುತ್ತೆ" ಅಂದರು.

ಜಿ.ಎಂ. ಸಾಹೇಬರು ನನ್ನ ಮುಖ ನೋಡಿದರು. ಫಿಟ್ಟರ್ ಪೊಟ್ಟಣ ಮಡಚಿ, ಏನೂ ಮಾತಾಡದೆ ಹೊರಗೆ ಹೋದರು. ಕಂಪನಿಯವರೇ ಗ್ರೀನ್ ಅನ್ನುವಾಗ ನಿನ್ನ ಮಾತಿಗೆ ಮಿಲ್ ನಿಲ್ಲಿಸಲಾ ಅಂತ ಸಾಹೇಬರು ಕೇಳಿದರು. ಮಿಲ್ ಓಡಿತು. ಇನ್ನು ಎರಡೂವರೆ ದಿನ ಓಡಿತು.

ಮುರಿದ ಮೇಲೆ ಕಚ್ಚಾ ಡೇಟಾ ಕೇಳಿದೆ. 19ಕ್ಕೆ ಬಂತು. ನೋಡಿ ತಲೆ ತಿರುಗಿತು. ನಿಮ್ಮ ಗ್ರಾಫ್ 500 ಹರ್ಟ್ಸಿಗೇ (ಸೆಕೆಂಡಿಗೆ 500 ಕಂಪನ) ಮುಗಿಯುತ್ತದೆ! ಮೋಟಾರಿನ ಸೆಕೆಂಡಿನ ಸುತ್ತನ್ನು 23ರಿಂದ ಗುಣಿಸಿದರೆ ಗೇರ್ ಮೆಶ್ ಫ್ರೀಕ್ವೆನ್ಸಿ, ಅಂದರೆ ಸೆಕೆಂಡಿಗೆ ಎಷ್ಟು ಸಲ ಹಲ್ಲಿಗೆ ಹಲ್ಲು ಕೂಡುತ್ತದೆ ಅನ್ನುವ ಲೆಕ್ಕ, 567 ಹರ್ಟ್ಸ್. ಚಕ್ರದ ಹಲ್ಲು ಕೆಟ್ಟರೆ ಅದರ ಅಕ್ಕಪಕ್ಕ, ಆರು ಚಿಲ್ಲರೆ ಹರ್ಟ್ಸ್ ದೂರದಲ್ಲಿ, ಸೈಡ್‌ಬ್ಯಾಂಡ್ ಅನ್ನುವ ಚಿಕ್ಕ ಗೆರೆಗಳು ಗ್ರಾಫಿನಲ್ಲಿ ಏಳಬೇಕು. 561, 573. ಇದನ್ನೆಲ್ಲ ನನಗೆ ಹೇಳಿಕೊಟ್ಟದ್ದು ನಿಮ್ಮದೇ ಕೊಟೇಶನ್ನಿನ ಮೂರನೇ ಪುಟ. ನೋಡಬೇಕಾದ ಜಾಗವನ್ನೇ ನೀವು ಅಳೆದಿಲ್ಲ. ಹಲ್ಲಿನ ಲೆಕ್ಕ ನಿಮ್ಮ ಹತ್ತಿರ ಇರಲಿಲ್ಲ ಅನ್ನುವ ಹಾಗಿಲ್ಲ. ಹಳೇ ಗೇರ್‌ಬಾಕ್ಸ್, ಡ್ರಾಯಿಂಗ್ ಸಿಕ್ಕಿರಲಿಲ್ಲ. ಸೀಮೆಸುಣ್ಣದ ಗುರುತು ಹಾಕಿ, ಶಾಫ್ಟನ್ನು ಕೈಯಿಂದ ತಿರುಗಿಸಿ, ಅರ್ಧ ದಿನ ಕೂತು ಎಣಿಸಿ ನಿಮ್ಮ ಫಾರಂ ತುಂಬಿದವನು ನಾನೇ.

ಸೆನ್ಸರ್ ಕೂರಿಸಿದ್ದೂ ಹಾಗೆಯೇ. ಪೇಂಟ್ ಕೆರೆದು, ಬೇರಿಂಗ್ ಹೌಸಿಂಗಿನಲ್ಲಿ ತೂತು ಕೊರೆದು ಸ್ಟಡ್ ಹಾಕಿ ಬಿಗಿಯಬೇಕು ಅಂತ ನಿಮ್ಮ ಕೈಪಿಡಿಯೇ ಹೇಳುತ್ತದೆ. ನಿಮ್ಮ ಹುಡುಗರು ಇನ್‌ಸ್ಪೆಕ್ಷನ್ ಮುಚ್ಚಳದ ತೆಳು ಶೀಟಿಗೆ, ಪೇಂಟಿನ ಮೇಲೇ, ಮ್ಯಾಗ್ನೆಟ್ಟಿನಲ್ಲಿ ಅಂಟಿಸಿ ಹೋಗಿದ್ದಾರೆ. ಆ 2.9 ಅನ್ನುವುದು ಎಲ್ಲ ಕಂಪನ ಸೇರಿಸಿ ತೆಗೆದ ಒಂದೇ ಸಂಖ್ಯೆ. ಸುತ್ತಿಗೊಮ್ಮೆ ಬರುವ ಸಣ್ಣ ಬಡಿತ ಅದರಲ್ಲಿ ಮುಳುಗಿ ಹೋಗುತ್ತದೆ. ಗೇರಿನ ಹಲ್ಲು ಸರಿ ಇದೆ ಅಂತ ಹೇಳಲು ಅದೊಂದೇ ಸಂಖ್ಯೆ ಸಾಲದು ಅಂತ ನಿಮಗೆ ನಾನು ಹೇಳಿಕೊಡಬೇಕಾ?

ಪ್ರತಿ ತಿಂಗಳ ಡೇಟಾವನ್ನು ಐಎಸ್‌ಒ 18436-2 (ಕಂಪನ ವಿಶ್ಲೇಷಕರ ಅರ್ಹತೆಯ ಮಾನದಂಡ) ಪ್ರಕಾರ ಕೆಟಗರಿ 2 ಪ್ರಮಾಣಪತ್ರ ಇರುವ ಅನಾಲಿಸ್ಟ್ ನೋಡಿ ಸಹಿ ಹಾಕಬೇಕು ಅಂತ ಒಪ್ಪಂದದಲ್ಲಿದೆ. ನವೆಂಬರ್ ರಿಪೋರ್ಟಿನಲ್ಲಿ ಸಹಿ ಇಲ್ಲ, ಹೆಸರೂ ಇಲ್ಲ. ಡಿಸೆಂಬರ್ ರಿಪೋರ್ಟ್ ಜನವರಿ 2ಕ್ಕೆ ಬಂತು. ಒಂದಕ್ಷರ ಬದಲಾಗಿಲ್ಲ. ಹಲ್ಲು ಮುರಿದು ಮಿಲ್ ನಿಂತ ತಿಂಗಳಿಗೂ "ಗೇರ್ ಸ್ಥಿತಿ: ಉತ್ತಮ" ಅಂತ ಬರೆದು ಕಳಿಸಿದ್ದೀರಿ. ಈ ಪತ್ರ ಬರೆಯಲು ಕೂತದ್ದು ಅದನ್ನು ಓದಿದ ದಿನ.

ನಿಮ್ಮ ಬಾಕಿ ಬಿಲ್ ತಡೆಹಿಡಿದಿದ್ದೇವೆ. ಹೊಸ ಚಕ್ರ, ಪಿನಿಯನ್ನಿನ ಖರ್ಚು ಮತ್ತು 41 ಗಂಟೆಯ ನಷ್ಟದ ಲೆಕ್ಕ ಜೊತೆಗಿದೆ. 15 ದಿನದಲ್ಲಿ ಲಿಖಿತ ಉತ್ತರ ಬರದಿದ್ದರೆ ವಕೀಲರ ನೋಟಿಸ್ ಬರುತ್ತದೆ. ನಿಮ್ಮ ಆರೂ ಸೆನ್ಸರ್ ಬಿಚ್ಚಿಸಿ ಡಬ್ಬಿಯಲ್ಲಿ ಇಟ್ಟಿದ್ದೇನೆ, ಬಂದು ತೆಗೆದುಕೊಂಡು ಹೋಗಿ. ಬರುವಾಗ ಆ ಎಂಜಿನಿಯರ್ ಅವರನ್ನು ಕರೆದುಕೊಂಡೇ ಬನ್ನಿ. ನಮ್ಮ ಫಿಟ್ಟರ್ ಎದುರು ನಿಂತು ಅವರು ಕ್ಷಮೆ ಕೇಳದೆ ಡಬ್ಬಿ ಗೇಟ್ ದಾಟುವುದಿಲ್ಲ.

ಮುರಿದ ಎರಡು ಹಲ್ಲು ನನ್ನ ಡ್ರಾಯರಿನಲ್ಲಿವೆ. ಈ ಭಾಗದಲ್ಲಿ ಎಷ್ಟು ಸಕ್ಕರೆ ಕಾರ್ಖಾನೆಗಳಿವೆ ಅಂತ ನಿಮಗೆ ಗೊತ್ತು. ನಿಮ್ಮ ಸೆನ್ಸರ್ ಹೇಗಿದೆ ಅಂತ ಯಾರೇ ಫೋನ್ ಮಾಡಿ ಕೇಳಲಿ, ಆ ಹಲ್ಲುಗಳ ಫೋಟೋ ಮತ್ತು ನಿಮ್ಮ ಡಿಸೆಂಬರ್ ರಿಪೋರ್ಟ್ ಎರಡನ್ನೂ ಒಟ್ಟಿಗೆ ಕಳಿಸುತ್ತೇನೆ. ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಗೆ ಹೋದಾಗಲೂ ಆ ಹಲ್ಲುಗಳನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗುತ್ತೇನೆ.

ಇಂತಿ,
ಮೇಂಟೆನೆನ್ಸ್ ಎಂಜಿನಿಯರ್, ಮಿಲ್ ವಿಭಾಗ